ಬೆಲೆ ಬಿದ್ದ ಕಾರು ಕೆಟ್ಟ ಕಾರಲ್ಲ

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳಬೇಕೆಂದು ಬಾಯಿ ಬಿಟ್ಟರೆ ಸಾಕು, ಮನೆಯ ಭಾವನಿಂದ ಹಿಡಿದು ಆಫೀಸಿನ ಪಕ್ಕದ ಟೇಬಲ್ಲಿನವರವರೆಗೆ ಎಲ್ಲರೂ ಕೊಡುವ ಸಲಹೆ ಒಂದೇ: ರೀಸೇಲ್ ಇರುವ ಗಾಡಿ ತಗೋ. ಮಾರುಕಟ್ಟೆಯಲ್ಲಿ ಯಾವುದರ ಬೆಲೆ ನಿಂತಿದೆಯೋ ಅದೇ ಗಟ್ಟಿ, ಬೆಲೆ ಬಿದ್ದದ್ದೆಲ್ಲ ಡಕೋಟ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಹೊಸ ಕಾರು ಕೊಂಡು ನಾಲ್ಕೈದು ವರ್ಷಕ್ಕೆ ಮಾರುವವನಿಗೆ ಈ ಸಲಹೆ ಸರಿ. ಹತ್ತು ಹನ್ನೆರಡು ವರ್ಷ ಓಡಿದ ಸೆಡಾನ್ ಕೊಂಡು, ಅದು ಓಡುವಷ್ಟು ಕಾಲ ಓಡಿಸಿ ಕೊನೆಗೆ ಗುಜರಿಗೆ ಹಾಕುವ ಸಂಸಾರಸ್ಥನಿಗೆ ಮಾತ್ರ ಇದಕ್ಕಿಂತ ದುಬಾರಿ ಸಲಹೆ ಇನ್ನೊಂದಿಲ್ಲ. ರೀಸೇಲ್ ಬೆಲೆ ಹೇಳುವುದು ಜನರ ಭಯವನ್ನು, ಎಂಜಿನ್ನಿನ ಸ್ಥಿತಿಯನ್ನಲ್ಲ.

ಇದಕ್ಕೆ ಸಾಕ್ಷಿ ತ್ರ್ಯಂಬಕೇಶ್ವರದ ದಾರಿಯಲ್ಲೇ ಇದೆ. ನಾಗಬಲಿ, ಕಾಲಸರ್ಪ ಶಾಂತಿ ಎಂದು ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ನಮ್ಮವರು, ನಾಸಿಕ ದಾಟಿ ತ್ರ್ಯಂಬಕ ರಸ್ತೆ ಹಿಡಿದರೆ ಸಾತ್‌ಪುರ ಕೈಗಾರಿಕಾ ಪ್ರದೇಶವನ್ನು ಹಾದೇ ಹೋಗಬೇಕು. ಮಹೀಂದ್ರದ ನಾಸಿಕ ಕಾರ್ಖಾನೆ ಇರುವುದು ಅಲ್ಲಿ. ರೆನೋ ಜೊತೆಗೂಡಿ ಮಾಡಿದ ಲೋಗನ್ 2007ರಲ್ಲಿ ಹೊರಬಂದದ್ದು ಆ ಕಾರ್ಖಾನೆಯಿಂದಲೇ. 2010ರಲ್ಲಿ ರೆನೋ ಪಾಲುದಾರಿಕೆ ಬಿಟ್ಟಿತು, 2011ರಲ್ಲಿ ಅದೇ ಕಾರು ವೆರಿಟೊ ಎಂಬ ಹೆಸರು ಹೊತ್ತಿತು. ಇವತ್ತು ಹಳೆಯ ಕಾರಿನ ಸಂತೆಯಲ್ಲಿ ಲೋಗನ್, ವೆರಿಟೊ ಎಂದರೆ ಮೂಗು ಮುರಿಯದವರು ಕಡಿಮೆ.

ಲೋಗನ್ ಸೋತದ್ದು ನಿಜ. ಯಾಕೆ ಸೋತಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಷರತ್ತು ಎರಡು: ಉದ್ದ 4 ಮೀಟರ್ ಮೀರಬಾರದು, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. ಡೀಸೆಲ್ ಲೋಗನ್ನಿನ 1461 ಸಿಸಿ ಎಂಜಿನ್ ಮಿತಿಯೊಳಗೇ ಇತ್ತು, ಮೀರಿದ್ದು ಉದ್ದ. ಸುಮಾರು ಕಾಲು ಮೀಟರ್ ಜಾಸ್ತಿ ಇದ್ದ ತಪ್ಪಿಗೆ ಅದು ದೊಡ್ಡ ಕಾರಿನ ಸುಂಕ ಕಟ್ಟಿತು. 2012ರಲ್ಲಿ ಮಾರುತಿ ಡಿಜೈರ್ ಕಾರಿನ ಬಾಲವನ್ನೇ ಕತ್ತರಿಸಿ 4 ಮೀಟರಿಗೆ ತಂದದ್ದು ಇದೇ ಲೆಕ್ಕಕ್ಕೆ. ಬಾಲ ಕತ್ತರಿಸಿದ ಕಾರು ಗೆದ್ದಿತು, ಪೂರ್ತಿ ಡಿಕ್ಕಿ ಇಟ್ಟುಕೊಂಡದ್ದು ಸೋತಿತು. ಇದರಲ್ಲಿ ಎಂಜಿನ್ನಿನ ತಪ್ಪೇನು?

ಎರಡನೆಯ ದೂರು, ಅದು ಟ್ಯಾಕ್ಸಿ ಗಾಡಿ ಎಂಬುದು. ನನಗೆ ಇದೇ ದೊಡ್ಡ ಪ್ರಶಸ್ತಿಯಾಗಿ ಕಾಣುತ್ತದೆ. ಟ್ಯಾಕ್ಸಿಯವನು ಕಾರನ್ನು ಅಂದಕ್ಕೆ ಕೊಳ್ಳುವುದಿಲ್ಲ. ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಅವತ್ತಿನ ದುಡಿಮೆ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ. ಅಂಥವನು ಆರಿಸಿಕೊಂಡ ಗಾಡಿಯನ್ನು ನಾವು ಅದೇ ಕಾರಣಕ್ಕೆ ಬೇಡವೆನ್ನುತ್ತೇವೆ. ರೆನೋ ಒಡೆತನದ ರೊಮೇನಿಯಾದ ಡಾಸಿಯಾ 2004ರಲ್ಲಿ ಈ ಕಾರನ್ನು ತಂದಾಗ ಹೊರಗನ್ನಡಿಗಳು ಎಡಕ್ಕೂ ಬಲಕ್ಕೂ ಒಂದೇ ಅಚ್ಚಿನವಾಗಿದ್ದವು. ಉಳಿಸಬಹುದಾದಲ್ಲೆಲ್ಲ ಖರ್ಚು ಉಳಿಸಿದ್ದರು. ಅಂದ ಕಡಿಮೆ, ಒಪ್ಪುತ್ತೇನೆ. ಆದರೆ ಜಾಗದಲ್ಲಿ ಅವರು ಜಿಪುಣತನ ಮಾಡಲಿಲ್ಲ. ಹಿಂದಿನ ಬಾಗಿಲು ತೆಗೆದರೆ ಮಂಡಿನೋವಿನ ಅಜ್ಜಿಯೂ ತಲೆ ಹೆಚ್ಚು ಬಗ್ಗಿಸದೆ ಒಳಗೆ ಕೂರಬಹುದು. ಮೂವರು ದೊಡ್ಡವರು ಭುಜಕ್ಕೆ ಭುಜ ತಾಗಿಸಿಕೊಳ್ಳದೆ ಊರಿಂದೂರಿಗೆ ಹೋಗಬಹುದು. 510 ಲೀಟರಿನ ಡಿಕ್ಕಿ ಎಂದರೆ ಎರಡು ದೊಡ್ಡ ಸೂಟ್‌ಕೇಸ್, ಹಾಸಿಗೆ ಚೀಲ, ಪೂಜೆ ಸಾಮಾನಿನ ಬುಟ್ಟಿ, ಮೇಲೆ ತಿಂಡಿಯ ಡಬ್ಬ. ಮುಂದೆ ಇರುವ ಡೀಸೆಲ್ ಎಂಜಿನ್ ರೆನೋದ ಕೆ9ಕೆ. ಡಸ್ಟರ್‌ಗೂ ನಿಸಾನ್ ಸನ್ನಿಗೂ ಬಂದದ್ದು ಇದೇ ವಂಶದ ಎಂಜಿನ್, ಆದ್ದರಿಂದ ಕೈ ಪಳಗಿದ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳಿ ಎನ್ನುತ್ತಿಲ್ಲ. ಈ ಎಂಜಿನ್ನಿನಲ್ಲಿರುವುದು ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. ಓಡುವಾಗ ಅದು ತುಂಡಾದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಬಿಚ್ಚಲೇಬೇಕು. ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ, ಇಲ್ಲವೆಂದರೆ ಕೊಂಡ ದಿನವೇ ಹೊಸದು ಹಾಕಿಸಿ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಭಾಗ ನೋಡಿ. ಡೀಸೆಲ್ ಗಾಡಿಯಲ್ಲಿ ಕಪ್ಪು ಎಣ್ಣೆ ಸಹಜ. ಹಾಲು ಬೆರೆತಂತೆ ಬಿಳಿ ನೊರೆ ಕಟ್ಟಿದ್ದರೆ ನೀರು ಸೇರಿದೆ ಎಂಬ ಅನುಮಾನ ಪಡಬೇಕು. ತ್ರ್ಯಂಬಕದಂಥ ಜಡಿಮಳೆಯ ಸೀಮೆಯ ಗಾಡಿಯಾದರೆ ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಕೂರುವ ಗುಂಡಿಗೆ ಬೆರಳಿಟ್ಟು ತುಕ್ಕು ನೋಡಿ. ಮೀಟರು ಅರವತ್ತು ಸಾವಿರ ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ನಂಬಬೇಕಾದದ್ದು ರಬ್ಬರನ್ನು. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಯೋ ಎಂಬುದನ್ನು ಆರ್‌ಸಿ ಪೂರ್ವಾಪರ ತೆಗೆಸಿ ತಿಳಿದುಕೊಳ್ಳಿ, ಅದಕ್ಕೆ ತಕ್ಕ ಬೆಲೆ ಕೊಡಿ.

ಛತ್ರಪತಿ ಸಂಭಾಜಿನಗರದ, ಆಗಿನ ಔರಂಗಾಬಾದಿನ, ಶೇಂದ್ರಾ ಕಾರ್ಖಾನೆಯಿಂದ ಬಂದ ಸ್ಕೋಡಾ ಆಕ್ಟೇವಿಯಾದ ಕಥೆ ಬೇರೆ. ಅದನ್ನು ಬಿಳಿ ಆನೆ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿಡಿಭಾಗ ದುಬಾರಿ, ಬಲ್ಲ ಮೆಕ್ಯಾನಿಕ್ ಎಲ್ಲ ಊರಲ್ಲಿ ಸಿಗುವುದಿಲ್ಲ. ಆದರೆ ಎಲ್ಲ ಹಳೆಯ ಸ್ಕೋಡಾಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು. ಮುಂದೆ ಬಂದ ಲಾರಾ 1.8 ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸಿನ ತೊಂದರೆ ಲೋಕಕ್ಕೇ ಗೊತ್ತು. ಆ ಬಗೆಯ ಗೇರ್‌ಬಾಕ್ಸಿಗಾಗಿ 2013ರಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ 3.8 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆಯಿತು. ಮೊದಲ ಆಕ್ಟೇವಿಯಾದ 1.9 ಡೀಸೆಲ್, ಕೈಗೇರಿನ ಗಾಡಿ ಆ ರೋಗದ್ದಲ್ಲ. ಒಂದರ ಅಪಕೀರ್ತಿಗೆ ಇನ್ನೊಂದರ ಬೆಲೆಯೂ ಬಿದ್ದಿದೆ.

ಇತ್ತ ಹೋಂಡಾ ಸಿಟಿ. ಒಳ್ಳೆಯ ಕಾರೇ. ಆದರೆ ಹೆಸರಿನ ಬೆಲೆಯನ್ನು ಮೊದಲ ಮಾಲೀಕ ಕೊಟ್ಟಾಗಿದೆ, ನೀವೂ ಯಾಕೆ ಕೊಡಬೇಕು? ಐವರು ಕೂತು ಡಿಕ್ಕಿ ತುಂಬಿದರೆ ನಮ್ಮ ಊರಿನ ಹಂಪುಗಳಿಗೆ ಅದರ ಹೊಟ್ಟೆ ತಾಗುತ್ತದೆ.

ಹಳೆಯ ಸೆಡಾನಿನ ನಿಜವಾದ ಕೊರತೆ ರೀಸೇಲ್ ಅಲ್ಲ, ಸುರಕ್ಷತೆ. ಹೊಸ ಕಾರುಗಳಿಗೆ ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ಕೆಳ ವೇರಿಯಂಟುಗಳಲ್ಲಿ ಎರಡೂ ಇರದಿರುವುದೇ ಹೆಚ್ಚು. ಇಲ್ಲಿ ನಾನು ರಾಜಿಗೆ ಸಿದ್ಧನಿಲ್ಲ: ಸ್ವಲ್ಪ ಹೆಚ್ಚು ಕೊಟ್ಟಾದರೂ ಅವಿರುವ ಗಾಡಿಯನ್ನೇ ಹುಡುಕಿ. ಪೆಟ್ರೋಲ್ ಗಾಡಿಯಾದರೆ ಇನ್ನೊಂದು ಚಿಂತೆ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆಂದು ಆ ಕಾಲದ ರಬ್ಬರ್ ಪೈಪು, ಸೀಲುಗಳನ್ನು ಮಾಡಿರಲಿಲ್ಲ. ಅವನ್ನು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕ ಹಿಡಿಯಿರಿ.

ಹದಿನೈದು ವರ್ಷವಾದರೆ ಗಾಡಿ ಗುಜರಿಗೇ ಎಂಬ ಹೆದರಿಕೆಯೂ ಬೇಡ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿಷೇಧದ ಆದೇಶಗಳು ಬಂದದ್ದು ದೆಹಲಿ ಸೀಮೆಗೆ, ಮಹಾರಾಷ್ಟ್ರಕ್ಕೂ ಅಲ್ಲ, ಕರ್ನಾಟಕಕ್ಕೂ ಅಲ್ಲ. ಇಲ್ಲಿ ಖಾಸಗಿ ಕಾರು ಹದಿನೈದು ವರ್ಷಕ್ಕೆ ಎಫ್‌ಸಿ ಪಾಸಾದರೆ ಇನ್ನೈದು ವರ್ಷ ನೋಂದಣಿ ಸಿಗುತ್ತದೆ. ಆ ನವೀಕರಣಕ್ಕೆ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಹಸಿರು ತೆರಿಗೆ ಬೇರೆ.

ನಾಸಿಕದ ಎಂಎಚ್-15 ನಂಬರಿನ ಒಳ್ಳೆಯ ವೆರಿಟೊ ಕಣ್ಣಿಗೆ ಬಿದ್ದು ಊರಿಗೆ ತರುವ ಮನಸ್ಸಾದರೆ, ಮುಂಗಡ ಕೊಡುವ ಮೊದಲು ಎರಡು ಕೆಲಸ ಮಾಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆಸಿಕೊಡುವುದು ಮಾರುವವನ ಹೊಣೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕಾದ ಆಜೀವ ತೆರಿಗೆ ಎಷ್ಟೆಂದು ನಿಮ್ಮ ಊರಿನ ಆರ್‌ಟಿಒದಲ್ಲಿ ಕೇಳಿ, ಅದನ್ನೂ ಕೂಡಿಸಿಯೇ ಬೆಲೆ ಮಾತಾಡಿ.