ಎಲ್ಲಕ್ಕೂ ಅಗ್ಗದ ಟಿಕೇಟಿನಿಂದ ಅಳೆಯೋಣ

ದೊಡ್ಡ ಊರುಗಳ ಹಳೆಯ ಚಿತ್ರಮಂದಿರಗಳ ಮೇಲೆ ಬರೆಯುವವರು ಗೋಪುರ ನೋಡುತ್ತಾರೆ, ತೂಗುದೀಪ ನೋಡುತ್ತಾರೆ, ನುಣುಪು ಮೆಟ್ಟಿಲು ನೋಡುತ್ತಾರೆ. ಎಲ್ಲಕ್ಕೂ ಕಡಿಮೆ ರೊಕ್ಕದ ಟಿಕೇಟನ್ನು ಯಾವ ಕಿಂಡಿಯಲ್ಲಿ ಕೊಡುತ್ತಿದ್ದರು, ಆ ಟಿಕೇಟಿನವ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ ಎಂದು ಕೇಳುವವರು ಕಡಿಮೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಾವು ಕೇಳುತ್ತೇವೆ. ಯಾಕಂದ್ರೆ ನಮ್ಮ ಮಂದಿ ಟಾಕೀಜನ್ನು ಕಂಡದ್ದೇ ಆ ಬಾಗಿಲಿನಿಂದ.

ಮುಂಬಯಿಯ ರೀಗಲ್ ತಗೊಳ್ರಿ. 1933ರಲ್ಲಿ ತೆರೆಯಿತು. ನಕ್ಷೆ ಚಾರ್ಲ್ಸ್ ಸ್ಟೀವನ್ಸ್ ಅವರದು. ಒಳಗೆ ಸೂರ್ಯನ ಕಿರಣಗಳ ಚಿತ್ತಾರ, ಕಾರು ನಿಲ್ಲಿಸಲು ನೆಲದಡಿ ಜಾಗ. ಈ ಶೈಲಿಗೆ ಆರ್ಟ್ ಡೆಕೊ ಎನ್ನುತ್ತಾರೆ. ನೇರ ಗೆರೆ, ದುಂಡು ಮೂಲೆ, ಹಡಗು ಮೋಟಾರುಗಳ ಓಟ ನೆನಪಿಸುವ ಮೈಕಟ್ಟು. ಅರಮನೆಯ ಭಾಷೆ, ಗುಡಿಯ ಭಾಷೆ ಎರಡನ್ನೂ ಬಿಟ್ಟು ಯಂತ್ರಯುಗದ ಭಾಷೆ ಆಡಿದ ಕಟ್ಟಡಗಳಿವು. ಅಷ್ಟರಮಟ್ಟಿಗೆ ನಮಗೂ ಮೆಚ್ಚುಗೆಯೇ. 2018ರಲ್ಲಿ ಯುನೆಸ್ಕೋ ಮುಂಬಯಿಯ ಇಂಥ ಕಟ್ಟಡಗಳ ಗುಂಪನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ರೀಗಲ್ ಕೂಡ ಅದರೊಳಗಿತ್ತು.

ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ, 1949ರಲ್ಲಿ, ಅದೇ ಮುಂಬಯಿಯಲ್ಲಿ ಲಿಬರ್ಟಿ ಎದ್ದಿತು. ಹೆಸರೇ ಸ್ವಾತಂತ್ರ್ಯ. ಇಂಗ್ಲಿಷ್ ಚಿತ್ರಗಳಿಗೇ ಮೀಸಲು ಎನ್ನುವಂತಿದ್ದ ವೈಭವವನ್ನು ಹಿಂದಿ ಚಿತ್ರಕ್ಕೂ ಕೊಟ್ಟ ಮಂದಿರ ಅದು. ಒಳಾಂಗಣ ಅಲಂಕಾರ ಡಬ್ಲ್ಯೂ. ಎಂ. ನಾಮಜೋಶಿ ಅವರದು. ಅದೇ ನಾಮಜೋಶಿ ಜೈಪುರದಲ್ಲಿ ರೂಪಿಸಿದ ಮಂದಿರ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಬಾಗಿಲು ತೆರೆಯಿತು. ಅದರ ಹೆಸರು ರಾಜಮಂದಿರ. ನೋಡ್ರಿ, ಅದೇ ಕೈ, ಇಪ್ಪತ್ತೇಳು ವರ್ಷದ ಅಂತರ: ಸ್ವಾತಂತ್ರ್ಯದಿಂದ ಹೊರಟ ಚಿತ್ರಮಂದಿರ ರಾಜನ ಹತ್ತಿರವೂ ಮಂದಿರದ ಹತ್ತಿರವೂ ವಾಪಸು ಬಂದು ನಿಂತಿತು. ಅಲ್ಲಿ ಸೀಟಿನ ದರ್ಜೆಗಳಿಗೆ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರ ಎಂದು ಹೆಸರು. ಅಗ್ಗದ ಸೀಟಿನವನಿಗೆ ಮುತ್ತು ಸಿಕ್ಕಿತು, ಹೆಸರಿನಲ್ಲಿ ಮಾತ್ರ.

ಈ ಮಂದಿರಗಳ ವಾಸ್ತುಶಿಲ್ಪಿ ಯಾರು, ಅಲಂಕಾರ ಯಾರದು ಎಂಬುದೆಲ್ಲ ಬರಹದಲ್ಲಿ ಉಳಿದಿದೆ. ಗಾರೆ ಕಲಸಿದವರ, ಕಲ್ಲು ಹೊತ್ತವರ ಹೆಸರು ಎಲ್ಲಿ ಉಳಿದಿದೆ? ಇಂದಿಗೂ ನಮ್ಮ ತಾಲೂಕುಗಳಿಂದ ಮಂದಿ ಗಂಟು ಕಟ್ಟಿಕೊಂಡು ಮುಂಬಯಿ, ಪುಣೆಗೆ ಕಟ್ಟಡದ ಕೂಲಿಗೆ ಹೋಗುತ್ತಾರೆ. ಊರೂರ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯೂ ನಮ್ಮ ಜಿಲ್ಲೆಯದೇ. ಕಟ್ಟಡಕಲೆ ಎಂಬುದು ನಮಗೆ ದೂರದ ಮಾತಲ್ಲ, ಅದು ನಮ್ಮವರ ಬೆನ್ನಮೇಲೆ ಹಾದುಹೋದದ್ದು.

ಚಿತ್ರಮಂದಿರ ಜಾತಿಯನ್ನು ಮುರಿಯಿತು ಎಂಬ ವಾದವೊಂದಿದೆ. ಶ್ರೀಲಂಕಾದ ತಮಿಳು ವಿದ್ವಾಂಸ ಕಾರ್ತಿಗೇಸು ಶಿವತಂಬಿ 1981ರಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದರು: ತಮಿಳರೆಲ್ಲ ಒಂದೇ ಸೂರಿನಡಿ ಕೂತು ಆಟ ನೋಡಿದ ಮೊದಲ ಜಾಗ ಸಿನಿಮಾ ಮಂದಿರ, ಅಲ್ಲಿ ಯಾರು ಎಲ್ಲಿ ಕೂಡಬೇಕೆಂಬುದನ್ನು ತೀರ್ಮಾನಿಸಿದ್ದು ಹುಟ್ಟಲ್ಲ, ಕೈಯಲ್ಲಿದ್ದ ಕಾಸು. ಇದು ಸಣ್ಣ ಮಾತಲ್ಲ. ಗುಡಿಯ ಕಟ್ಟೆ ಹತ್ತಲಾಗದವನಿಗೆ ಒಂದು ಚೀಟಿ ಒಳಗಿನ ಜಾಗ ಕೊಟ್ಟಿತು. ಆದರೆ ಆ ಕಾಸು ಎಲ್ಲಿಂದ ಬರ್ತದ? ಹೊಲದಿಂದ. ಹೊಲ ಯಾರ ಹೆಸರಿಗದ? ಅಲ್ಲಿಗೆ ಜಾತಿ ಸುತ್ತುಹಾಕಿ ಬಾಲ್ಕನಿಯ ಮೆಟ್ಟಿಲು ಹತ್ತಿ ಕೂಡ್ತದ.

ಗುಡಿ ಮತ್ತು ಟಾಕೀಜನ್ನು ಎದುರುಬದರು ಇಟ್ಟು ನೋಡಿರಿ. ಗುಡಿಯಲ್ಲಿ ದೇವರಿಗೆ ಹತ್ತಿರ ಇರೋನು ಮೇಲಿನವ, ದೂರ ಇರೋನು ಕೆಳಗಿನವ. ಟಾಕೀಜಿನಲ್ಲಿ ಪರದೆಗೆ ಹತ್ತಿರ ಇರೋನೇ ಕೆಳಗಿನವ. ಲೆಕ್ಕ ತಿರುವುಮುರುವು, ಫಲ ಮಾತ್ರ ಒಂದೇ. ಎಷ್ಟೋ ಟಾಕೀಜುಗಳಲ್ಲಿ ಬಾಲ್ಕನಿಗೆ ಬೇರೆ ಮೆಟ್ಟಿಲು, ಮುಂದಿನ ಬೆಂಚಿಗೆ ಓಣಿಯ ಕಡೆಯ ಬಾಗಿಲು. ಮುಂದಿನ ಸಾಲಿನ ಟಿಕೇಟಿಗೆ ಕಂಬಿ ಹಾಕಿದ ಇಕ್ಕಟ್ಟು ಸಂದಿ, ಕೊನೆಗೆ ಒಂದು ಕೈ ಮಾತ್ರ ಹಿಡಿಸುವ ತೂತು. ಕುರಿಗಳನ್ನು ದೊಡ್ಡಿಗೆ ಬಿಡುವ ಹಾಗೆ. ಅದೂ ವಾಸ್ತುಶಿಲ್ಪವೇ! ಯಾರೋ ಕೂತು ಯೋಚಿಸಿ ಗೆರೆ ಎಳೆದದ್ದೇ.

ನಮ್ಮಂಥ ತಾಲೂಕುಗಳಿಗೆ ಸಿನಿಮಾ ಹೊತ್ತು ತಂದದ್ದು ಟೂರಿಂಗ್ ಟಾಕೀಜು. ಕಂಬ, ಹಗ್ಗ, ಟೆಂಟಿನ ಬಟ್ಟೆ. ಪ್ರೊಜೆಕ್ಟರು ಒಂದೇ, ಹಿಂಗಾಗಿ ರೀಲು ಬದಲಿಸಲು ನಾಲ್ಕೈದು ಸಲ ಬಿಡುವು. ಅಲ್ಲಿಯೂ ಕುರ್ಚಿ, ಬೆಂಚು, ನೆಲ ಎಂಬ ಭೇದ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೆಲ ಎಂದರೆ ನೆಲವೇ. ಅದಕ್ಕೆ ಮುತ್ತಿನ ಹೆಸರಿಡುವ ಕಪಟ ಇರಲಿಲ್ಲ. ಹೊಟ್ಟೆಪಾಡಿನ ದಿನದ ಕೂಲಿ ಒಳಗೆ ಬರಬಹುದಿತ್ತು, ಕೂಸು ಮಲಗಿಸಲು ಜಾಗ ಇತ್ತು.

ಇಂದಿನ ಮಲ್ಟಿಪ್ಲೆಕ್ಸಿನಲ್ಲಿ ಎಲ್ಲರೂ ಒಂದೇ ಬಾಗಿಲಿನಿಂದ ಹೋಗುತ್ತಾರೆ, ಮೆತ್ತನೆಯ ಸೀಟಿನಲ್ಲಿ ಕೂಡುತ್ತಾರೆ. ಸಮಾನತೆ ಬಂತೇ? ಇಲ್ರಿ. ನೆಲವನ್ನೇ ಕಿತ್ತುಹಾಕಿದರು. ಒಳಗೆ ಇದ್ದ ಗೋಡೆ ಈಗ ಹೊರಗೆ, ಟಿಕೇಟಿನ ದರದಲ್ಲಿ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಟಿಕೇಟು ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದೆಂದು ನಿಯಮ ತಂದಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಮಂದಿರಗಳಿಗೆ ಅದರಲ್ಲೇ ವಿನಾಯಿತಿ. ಅದೇ ತಿಂಗಳು ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು. 200 ಎಂಬುದೂ ಕೂಲಿಯವನ ಮನೆಮಂದಿಗೆ ಅಗ್ಗವಲ್ಲ, ಐದು ಜನ ಹೋದರೆ ಸಾವಿರ ರೂಪಾಯಿ.

ಬೆಂಗಳೂರಿನ ಕಪಾಲಿ 1968ರಲ್ಲಿ ತೆರೆಯಿತು. ಸಾವಿರಕ್ಕೂ ಮಿಕ್ಕ ಸೀಟಿನ ಆ ಮಂದಿರ ಈಗಿಲ್ಲ. ಅದು ಹೋದಾಗ ಬಹಳ ಮಂದಿ ಮರುಗಿದರು. ಮರುಗಲಿ. ನಮ್ಮ ಕಡೆ ತಗಡಿನ ಟಾಕೀಜು ಬಿದ್ದರೆ ಯಾವ ಪರಂಪರೆಯ ಪಟ್ಟಿಯೂ ಅದನ್ನು ಕೇಳುವುದಿಲ್ಲ. ಆ ಪಟ್ಟಿ ನಾವೇ ಬರೆಯಬೇಕು. ಶಾಲೆಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಹಿರಿಯರನ್ನು ಕೇಳಿರಿ: ಟೆಂಟು ಎಲ್ಲಿ ನಿಲ್ಲುತ್ತಿತ್ತು, ನೆಲದ ಟಿಕೇಟು ಎಷ್ಟಿತ್ತು, ಹೆಣ್ಣುಮಕ್ಕಳು ಎಲ್ಲಿ ಕೂಡುತ್ತಿದ್ದರು, ಯಾವ ಕೇರಿಯವರು ಯಾವ ಬಾಗಿಲಿಗೆ ನಿಲ್ಲುತ್ತಿದ್ದರು. ಉಳಿದ ಗೋಡೆಗಳ ಅಳತೆ ಹಿಡಿಯಿರಿ, ಟಿಕೇಟಿನ ಕಿಂಡಿಯ ಅಳತೆಯನ್ನೂ. ಒಂದು ಮಂದಿರದ ಚೆಲುವು ಎಷ್ಟೆಂದು ಅದರ ತೂಗುದೀಪ ಹೇಳುವುದಿಲ್ಲ, ಆ ಕಿಂಡಿ ಹೇಳುತ್ತದೆ.