ಬೀಜ-ಕ್ಷೇತ್ರೋಪಮೆ: ಒಂದು ವಿಮರ್ಶೆ

ಕ್ಯಾನ್ಸರ್ ರೋಗದ ಚರಿತ್ರೆಯಲ್ಲಿ ಒಂದು ಉಪಮೆಯು ಪಡೆದಷ್ಟು ದೀರ್ಘಾಯುಷ್ಯವನ್ನು ಅನೇಕ ಸಿದ್ಧಾಂತಗಳು ಪಡೆದಿಲ್ಲ. 1889ರಲ್ಲಿ ಆಂಗ್ಲ ಶಸ್ತ್ರವೈದ್ಯನಾದ ಸ್ಟೀಫನ್ ಪ್ಯಾಜೆಟ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಸ್ತನದ ಕ್ಯಾನ್ಸರಿನಿಂದ ಮೃತರಾದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿದನು. ಯಕೃತ್ತಿನಲ್ಲಿ 241 ಸಲ ಕಂಡ ಗಡ್ಡೆಯು ಗುಲ್ಮದಲ್ಲಿ ಕಂಡದ್ದು 17 ಸಲ ಮಾತ್ರ. ಗುಲ್ಮಕ್ಕೂ ರಕ್ತವು ಧಾರಾಳವಾಗಿ ಹರಿಯುತ್ತದೆ. ಆದುದರಿಂದ ಬೀಜವು ಎಲ್ಲೆಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುವುದೆಂದು ಅವನು ನಿರ್ಣಯಿಸಿದನು.

ಉಪಮೆಯು ಸಾಧುವಾದುದೇ, ಅದನ್ನು ಓದಿದ ರೀತಿಯಲ್ಲಿ ನ್ಯೂನತೆಯುಂಟು. ನೆಲವೆಂದರೆ ಸಾರವೆಂದೇ ಬಹುಕಾಲ ಭಾವಿಸಲಾಯಿತು. ಬಗದಲಿನ ರೈತನನ್ನು ಕೇಳಿದರೆ ಅವನು ನೆಲದ ಸಾರದೊಡನೆ ಅದರ ಬಿಗುವನ್ನೂ ಹೇಳುವನು. ಔರಾದ, ಭಾಲ್ಕಿಗಳ ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುವುದು. ಬೀದರಿನ ಕೆಂಪು ಕಲ್ಲುನೆಲವು ಬೇರನ್ನು ತಡೆಯುವುದು.

ದೇಹದ ನೆಲಕ್ಕೂ ಇಂತಹ ಬಿಗುವುಂಟು. ಜೀವಕೋಶವು ಸುತ್ತಣ ಅಂಗಾಂಶದ ನಾರುಗಳನ್ನು ಹಿಡಿದೆಳೆದು, ಅವು ಒಡ್ಡುವ ಪ್ರತಿರೋಧದಿಂದ ಗಡಸುತನವನ್ನು ಅರಿಯುತ್ತದೆ. ಕೆಲವು ಜೀವಕೋಶಗಳು ಮೆದುವಾದ ಆಧಾರದಿಂದ ಗಟ್ಟಿಯಾದುದರತ್ತ ತೆವಳುವುದನ್ನು 2000ದಲ್ಲಿ ಪ್ರಯೋಗದಿಂದ ತೋರಿಸಲಾಯಿತು. ನೆಟ್ಟಗೆ ಬಿಗಿದ ನಾರುಗಳು ಕ್ಯಾನ್ಸರ್ ಕೋಶಕ್ಕೆ ಹಾದಿಯಾಗುತ್ತವೆ. ನಾರಿನ ಬಲೆಯು ತೀರ ಕಿರಿದಾದರೆ ಕೋಶದ ಗಟ್ಟಿಭಾಗವಾದ ಕೋಶಕೇಂದ್ರವು ಅಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲವು ಹಾದಿಯೂ ಹೌದು, ಗೋಡೆಯೂ ಹೌದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಗಮನಾರ್ಹ. ಅಂಡಾಶಯದ ಕ್ಯಾನ್ಸರ್ ಕೋಶಗಳು ದ್ರವದಲ್ಲಿ ಮೊದಲು ಒರಟು ಮುದ್ದೆಗಳಾಗಿ ಕೂಡುತ್ತವೆ. ಆಗ ಅವು ಒಳಗೊಳಗೇ ಚಲಿಸುತ್ತವೆ. ತರುವಾಯ ಮುದ್ದೆಯು ನುಣುಪಾಗಿ, ಒಳಗೆ ಟೊಳ್ಳಾಗಿ, ಹೊರಗೆ ಪೊರೆಯಂತಹ ಹೊದಿಕೆಯನ್ನು ತಳೆಯುವುದು. ಕೋಶಗಳ ಚಲನೆ ನಿಲ್ಲುವುದು. ಬೀಜವು ತನ್ನ ನೆಲವನ್ನು ತಾನೇ ಕಟ್ಟಿಕೊಳ್ಳುವ ಈ ಸಂಗತಿಗೆ ಹಳೆಯ ಉಪಮೆಯಲ್ಲಿ ಎಡೆಯಿಲ್ಲ.

ಹಾಗೆಂದು ಬಲವೊಂದನ್ನೇ ಸರ್ವಕಾರಣವೆನ್ನುವುದೂ ಅತಿರೇಕವೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ, ಗಡ್ಡೆಯ ಒಳಗಿನ ಒತ್ತಡವನ್ನು ತಗ್ಗಿಸಿ ಔಷಧಕ್ಕೆ ದಾರಿಮಾಡಲೆಂದು, ಅಂಗಾಂಶದ ಜಿಗುಟನ್ನು ಕರಗಿಸುವ ಕಿಣ್ವವನ್ನು ರೋಗಿಗಳಿಗೆ ಕೊಡಲಾಯಿತು. ಅದು ಅವರ ಆಯುಸ್ಸನ್ನು ಹೆಚ್ಚಿಸಲಿಲ್ಲವೆಂದು 2019ರಲ್ಲಿ ತಿಳಿದುಬಂದಿತು. ಅದಕ್ಕೂ ಮುನ್ನ 2014ರಲ್ಲಿ, ಇಲಿಗಳ ಅದೇ ರೋಗದಲ್ಲಿ ನಾರುಗಳನ್ನು ನೇಯುವ ಕೋಶಗಳನ್ನು ಕಳೆದಾಗ ಗಡ್ಡೆಯು ಇನ್ನೂ ಉಗ್ರವಾಗಿತ್ತು. ಹಾದಿಯೆಂದು ಕೆಡವಹೊರಟುದು ಕೆಲವೆಡೆ ಗೋಡೆಯಾಗಿತ್ತು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಪಾಠವಿದೆ. ಉಪಮೆಯು ಕಣ್ಣನ್ನು ತೆರೆಸುವಂತೆ ಮರೆಯನ್ನೂ ಒಡ್ಡುತ್ತದೆ. ನಮ್ಮ ಶಾಸ್ತ್ರದಲ್ಲಿ ತಪ್ಪಾಗಿ ಓದಿದ ಉಪಮೆಯಿಂದ ಒಂದು ಗ್ರಂಥ ಕೆಡಬಹುದು. ವೈದ್ಯಶಾಸ್ತ್ರದಲ್ಲಿ ಅದರ ಬೆಲೆಯನ್ನು ತೆರುವವನು ರೋಗಿ.