ಸ್ವರಗಳ ಮನೆ: ಸಮರೂಪವೊಂದೇ ಸಾಕೆ?

ಹಾರ್ಮೋನಿಯಂ ನುಡಿಸುವವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು. ಶ್ರುತಿ ಬದಲಾದರೆ ಅದೇ ರಾಗಕ್ಕೆ ಬೆರಳುಗಳ ನಡೆಯೂ ಬದಲಾಗುತ್ತದೆ. ಕಪ್ಪು-ಬಿಳಿ ಕೀಲಿಗಳ ಜೋಡಣೆ ಏಕರೀತಿಯಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಹಂಗೇರಿಯ ಪೌಲ್ ಫಾನ್ ಯಾಂಕೊ 1882ರಲ್ಲಿ ಪೇಟೆಂಟ್ ಪಡೆದ ಕೀಲಿಮಣೆಯಲ್ಲಿ ಈ ತೊಡಕು ಇರಲಿಲ್ಲ. ಆದರೂ ಅದು ಪಿಯಾನೊದ ಸ್ಥಾನವನ್ನು ಪಡೆಯಲಿಲ್ಲ. ಚದುರಂಗದ ಹಲಗೆಯಂತೆ ಮನೆಗಳಿರುವ ಇಂದಿನ ಎಲೆಕ್ಟ್ರಾನಿಕ್ ವಾದ್ಯಗಳು ಅದೇ ಆಸೆಯನ್ನು ಮತ್ತೆ ಚಿಗುರಿಸಿವೆ. ರೋಜರ್ ಲಿನ್ 2014ರಲ್ಲಿ ಹೊರತಂದ ಲಿನ್‌ಸ್ಟ್ರುಮೆಂಟ್‌ನಲ್ಲಿ 8 ಸಾಲುಗಳು, 200 ಮನೆಗಳು. 'ಒಂದು ಆಕಾರ ಕಲಿತರೆ ಎಲ್ಲ ಶ್ರುತಿಗೂ ಸಾಕು' ಎಂಬುದು ಇಂಥ ಸಮರೂಪಿ (ಐಸೋಮಾರ್ಫಿಕ್) ವಿನ್ಯಾಸಗಳ ಪರವಾದ ಮುಖ್ಯ ವಾದ. ವಾದ ಸರಿ, ಆದರೆ ಅಪೂರ್ಣ.

ಓದುಗರು ಗ್ರಾಫ್ ಹಾಳೆಯಲ್ಲಿ 8×8 ಮನೆಗಳನ್ನು ಬರೆದು ನೋಡಬಹುದು. ಬಲಕ್ಕೆ ಸರಿದರೆ 1, ಮೇಲಿನ ಸಾಲಿಗೆ ಏರಿದರೆ 5 ಅರ್ಧಸ್ವರ ಹೆಚ್ಚಲಿ. ಆಗ ಶಂಕರಾಭರಣದ ಸ-ರಿ-ಗ ಒಂದು ಸಾಲಿನಲ್ಲಿ, ಮ-ಪ-ದ ನೇರ ಅವುಗಳ ಮೇಲಿನ ಮನೆಗಳಲ್ಲಿ ಬರುತ್ತವೆ. 64 ಮನೆಗಳಲ್ಲಿ ಸಿಗುವುದು 43 ಸ್ವರಗಳು ಮಾತ್ರ. ಉಳಿದ 21 ಪುನರಾವರ್ತನೆ. ಸಾಲಿಗೆ 8 ಅರ್ಧಸ್ವರ ಕೊಟ್ಟರೆ 64 ಸ್ವರಗಳೂ ಸಿಗುತ್ತವೆ. ಆದರೆ ಸ-ಗ-ಪ ಸ್ವರಮೇಳಕ್ಕೆ ಬೆರಳುಗಳು 4 ಅಂಕಣಗಳ ಬದಲು 5 ಅಂಕಣಗಳಿಗೆ ಚಾಚಬೇಕು.

ಈಗ ಬಲಕ್ಕೆ 4, ಮೇಲಕ್ಕೆ 3 ಇಡೋಣ. ಆಯ್ಲರ್ 1739ರಲ್ಲಿ ಪ್ರಕಟಿಸಿದ ಸ್ವರಜಾಲಕ್ಕೆ ಇದು ಹತ್ತಿರದ ಬಂಧು. ಸ-ದಿಂದ ಬಲಕ್ಕೆ ಗ, ಗ-ದ ಮೇಲೆಯೇ ಪ! ಸ್ವರಮೇಳಕ್ಕೆ ಇಷ್ಟು ಅಚ್ಚುಕಟ್ಟಾದ ಜೋಡಣೆ ಅಪರೂಪ. ಆದರೆ ಸ-ದಿಂದ ರಿ ಮುಟ್ಟಲು ಎರಡು ಸಾಲು ಏರಿ ಒಂದು ಮನೆ ಎಡಕ್ಕೆ ಹೋಗಬೇಕು. ಗಮಕಕ್ಕೆ ಬೆರಳು ಜಾರಿಸುವುದೆಲ್ಲಿ?

ಮೂರೂ ವಿನ್ಯಾಸಗಳು ಸಮರೂಪಿಯೇ ಎಂಬುದನ್ನು ಗಮನಿಸಬೇಕು. ಹಾಗಾದರೆ ಸಮರೂಪವೊಂದೇ ಒಳ್ಳೆಯ ವಿನ್ಯಾಸವನ್ನು ಆರಿಸಿಕೊಡಲಾರದು. ಯಾವ ಸ್ವರ ಯಾವುದರ ನೆರೆಯಲ್ಲಿರಬೇಕು ಎಂಬುದನ್ನು ಸಂಗೀತವೇ ಹೇಳಬೇಕು. ಸ್ವರಮೇಳ ಪ್ರಧಾನವಾದ ಸಂಗೀತಕ್ಕೆ 4-3, ರಾಗಪ್ರಧಾನವಾದ ನಮ್ಮ ಸಂಗೀತಕ್ಕೆ 1-5 ಹೊಂದುತ್ತದೆ. ಲಿನ್‌ಸ್ಟ್ರುಮೆಂಟ್‌ನ ಮೂಲ ಜೋಡಣೆ 1-5. ಸಾಲಿನುದ್ದಕ್ಕೂ ಬೆರಳು ಜಾರಿಸಿದರೆ ಸ್ವರವೂ ಜಾರುತ್ತದೆ. ಪುನರಾವರ್ತನೆಯೂ ವ್ಯರ್ಥವಲ್ಲ. ವೀಣೆಯಲ್ಲಿ ಒಂದೇ ಸ್ವರ ಎರಡು ತಂತಿಗಳಲ್ಲಿ ಸಿಗುವುದನ್ನು ಯಾರೂ ದೋಷ ಎನ್ನುವುದಿಲ್ಲ.

ಇನ್ನೆರಡು ಆಕ್ಷೇಪಗಳಿವೆ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಶ್ರುತಿ ಬದಲಿಸಲು ಒಂದು ಗುಂಡಿ ಸಾಕು. ಅದಕ್ಕಾಗಿಯೇ ಹೊಸ ವಿನ್ಯಾಸ ಕಲಿಯಬೇಕಿಲ್ಲ. ಎರಡನೆಯದಾಗಿ, ಕಪ್ಪು ಕೀಲಿಗಳ ಏರುತಗ್ಗು ಬೆರಳಿಗೆ ದಾರಿ ತೋರುತ್ತದೆ. ಒಂದೇ ಬಗೆಯ ಮನೆಗಳಲ್ಲಿ ಆ ಗುರುತು ಇಲ್ಲ. ಬಣ್ಣದ ದೀಪಗಳು ನೆರವಾಗುವುದು ಕಣ್ಣಿಗೆ, ಬೆರಳಿಗಲ್ಲ.

ಶಿಕ್ಷಕರು ಈ ಮೂರು ಹಲಗೆಗಳನ್ನು ತರಗತಿಯಲ್ಲಿ ಬರೆಸಲಿ. ಒಂದೇ ನಿಯಮ ಪಾಲಿಸುವ ಉತ್ತರಗಳು ಹಲವಿದ್ದಾಗ ಆಯ್ಕೆ ಹೇಗೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಏಳುತ್ತದೆ.